ಕಾಗದವೇ ಇಲ್ಲದ ಅಕ್ಕನಿಗೆ ಆಧಾರ್, ಬ್ಯಾಂಕ್ ಖಾತೆ, ರೇಷನ್ ಕಾರ್ಡ್: ಜೊತೆಗೆ ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯೊಬ್ಬರಿಗೆ ಗುರುತಿನ ದಾಖಲೆ ಮಾಡಿಸಿಕೊಡಲು ಹೋಗಿ ಬರಿಗೈಲಿ ವಾಪಸ್ ಬಂದವರು ತುಂಬ ಜನ. ಪೀರ್ ಅಕ್ಕಂದಿರು (ಅದೇ ಸಮುದಾಯದಿಂದ ಬಂದು ಉಳಿದವರಿಗೆ ನೆರವಾಗುವವರು), ಆಪ್ತಸಮಾಲೋಚಕರು, ಸಮಾಜಕಾರ್ಯ ಓದುತ್ತಿರುವ ವಿದ್ಯಾರ್ಥಿಗಳು, ಕೆಲವು ಸಲ ಪಕ್ಕದ ಮನೆಯವರು. ಎಲ್ಲರೂ ಹೇಳುವ ಕಥೆ ಒಂದೇ. ಮೊದಲು ರೇಷನ್ ಕಾರ್ಡಿಗೆ ಹೋದೆವು, ಆಧಾರ್ ಕೇಳಿದರು. ಆಧಾರ್‌ಗೆ ಹೋದೆವು, ವಿಳಾಸದ ದಾಖಲೆ ಕೇಳಿದರು. ಬಾಡಿಗೆ ಕರಾರು ಕೇಳಿದರೆ ಮನೆ ಮಾಲೀಕರು ಆಗಲ್ಲ ಅಂದರು. ಮೂರನೇ ಸಲ ಕರೆದಾಗ ಅಕ್ಕ ಬರಲೇ ಇಲ್ಲ.

ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ. ಮಾಡಿದ ಕೆಲಸಗಳ ಕ್ರಮ ತಪ್ಪಿತ್ತು ಅಷ್ಟೆ. ಈ ಬರಹ ಪೂರ್ತಿ ಆ ಕ್ರಮದ ಬಗ್ಗೆಯೇ.

ಒಂದು ವಿಷಯ ಮೊದಲೇ ತಿಳಿದಿರಲಿ. ಕರ್ನಾಟಕದಲ್ಲಿ ಮುಂಬೈಯ ಕಾಮಾಠಿಪುರದಂಥ, ಎಲ್ಲರೂ ಒಂದೇ ಕಡೆ ಇರುವ ಬೀದಿ ಇಲ್ಲ. ಇಲ್ಲಿ ಹೆಚ್ಚಿನವರು ಬಸ್ ಸ್ಟ್ಯಾಂಡ್, ಲಾಡ್ಜ್, ಬಾಡಿಗೆ ಮನೆ, ಈಗೀಗ ಜಾಸ್ತಿ ಫೋನ್ ಮೂಲಕ ಕೆಲಸ ಮಾಡುತ್ತಾರೆ. ಮಂಡ್ಯದಿಂದ ಮೈಸೂರಿಗೆ, ತುಮಕೂರಿನಿಂದ ಬೆಂಗಳೂರಿಗೆ ಬೆಳಿಗ್ಗೆ ಬಂದು ಸಂಜೆ ಹೋಗುವವರೂ ಇದ್ದಾರೆ. ಮನೆಯವರಿಗೆ ಗಾರ್ಮೆಂಟ್ಸ್ ಕೆಲಸ, ಮನೆಗೆಲಸ ಅಂತ ಹೇಳಿರುತ್ತಾರೆ. ಆದ್ದರಿಂದ ಇಲ್ಲಿ ಎರಡು ತೊಡಕು ಒಟ್ಟಿಗೆ ಬರುತ್ತವೆ. ತೋರಿಸಲು ಖಾಯಂ ವಿಳಾಸ ಇರುವುದಿಲ್ಲ, ಗುಟ್ಟು ಹೊರಗೆ ಬೀಳುವ ಹೆದರಿಕೆ ಮಾತ್ರ ಯಾವಾಗಲೂ ಇರುತ್ತದೆ. ಕಾರ್ಡು ಮಾಡಿಸಿಕೊಟ್ಟು ಗುಟ್ಟು ಬಿಟ್ಟುಕೊಟ್ಟರೆ ಸಹಾಯಕ್ಕಿಂತ ಹಾನಿಯೇ ಹೆಚ್ಚು.

ಹೊರಡುವ ಮೊದಲು ಚೀಲದಲ್ಲಿ ಏನಿರಬೇಕು

ಎರಡು ಪ್ಲಾಸ್ಟಿಕ್ ಫೈಲ್, ಬೇರೆ ಬೇರೆ ಬಣ್ಣದವು. ಒಂದು ಗುರುತಿನ ದಾಖಲೆಗಳಿಗೆ, ಇನ್ನೊಂದು ಆಸ್ಪತ್ರೆ ಚೀಟಿಗಳಿಗೆ. ಇವೆರಡು ಯಾವತ್ತೂ ಒಂದಾಗಬಾರದು. ಯಾಕೆ ಅಂತ ಏಳನೇ ಹಂತದಲ್ಲಿ ಹೇಳುತ್ತೇನೆ.

ಆರು ಪಾಸ್‌ಪೋರ್ಟ್ ಅಳತೆಯ ಫೋಟೊ. ಅವರದೇ ಹೆಸರಿನ ಸಿಮ್ ಇರುವ ಫೋನು, ಸಿಮ್ ಇಲ್ಲದಿದ್ದರೆ ಆಮೇಲೆ ಏನು ಮಾಡಬೇಕು ಅಂತ ನೋಡೋಣ. ಒಂದು ಸಣ್ಣ ನೋಟ್‌ಬುಕ್. ಇಂಕ್ ಪ್ಯಾಡ್. ಕೈ ಒರೆಸಲು ಒದ್ದೆ ಬಟ್ಟೆ. ಊಟಕ್ಕೆ, ಆಟೋಗೆ ದುಡ್ಡು.

ಆ ದಿನದ ಸಂಪಾದನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಲಿನಲ್ಲಿ ನಿಂತ ದಿನ ಅಕ್ಕನಿಗೆ ಕೂಲಿ ಇಲ್ಲ. ನಿಮ್ಮ ಸಂಸ್ಥೆಯಲ್ಲಿ ಅದಕ್ಕೆ ಒಂದಿಷ್ಟು ಹಣ ಇದ್ದರೆ ಮೊದಲೇ ಹೇಳಿ. ಇಲ್ಲದಿದ್ದರೆ ಅವರಿಗೆ ಕೆಲಸ ಕಡಿಮೆ ಇರುವ ದಿನ ಯಾವುದು ಅಂತ ಕೇಳಿಕೊಂಡೇ ದಿನ ಗೊತ್ತುಮಾಡಿ. ರಾತ್ರಿ ಕೆಲಸ ಮಾಡುವವರನ್ನು ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದರೆ ಬರುವುದಿಲ್ಲ. ಅದು ಆಲಸ್ಯ ಅಲ್ಲ, ನಿದ್ದೆ.

ಹಂತ 1: ಫಾರಂ ತೆಗೆಯುವ ಮುಂಚೆ ಐದು ಪ್ರಶ್ನೆ

ಪೆನ್ನು ಪಕ್ಕಕ್ಕಿಡಿ. ಟೀ ಕುಡಿಯುತ್ತಾ ಕೇಳಿ.

"ಅಕ್ಕಾ, ಕಾರ್ಡಲ್ಲಿ ನಿಮ್ಮ ಹೆಸರು ಹೇಗೆ ಬರಬೇಕು?" ಫೀಲ್ಡಿನಲ್ಲಿ ಒಂದು ಹೆಸರು, ಊರಲ್ಲಿ ಒಂದು ಹೆಸರು ಇರುವುದು ಸಾಮಾನ್ಯ. ಒಂದು ಸಲ ಆಧಾರ್‌ನಲ್ಲಿ ಬಿದ್ದ ಹೆಸರೇ ಬ್ಯಾಂಕಿಗೂ ರೇಷನ್‌ಗೂ ಮಕ್ಕಳ ಶಾಲೆಗೂ ಹೋಗುತ್ತದೆ. ಶಾಲೆಗೆ ಹೋಗಿದ್ದರೆ ಅಲ್ಲಿ ಬರೆಸಿದ್ದ ಹೆಸರೇನು ಅಂತಲೂ ಕೇಳಿ.

"ಯಾವ ವಿಳಾಸ ಬಂದರೆ ತೊಂದರೆ ಇಲ್ಲ?" "ಅಂಚೆಯಲ್ಲಿ ಪತ್ರ ಬಂದರೆ ಯಾರು ಒಡೆಯುತ್ತಾರೆ?" "ಓಟಿಪಿ ಯಾರ ಫೋನಿಗೆ ಬರಬೇಕು?" ಕೊನೆಯದು ತುಂಬ ಮುಖ್ಯವಾದದ್ದು: "ಇದು ಯಾರಿಗೆ ಗೊತ್ತಾಗಬಾರದು?"

ಉತ್ತರ ಬಂದ ಮೇಲೆ ಮುಂದೇನಾಗುತ್ತದೆ ಅಂತ ಸರಳವಾಗಿ ಹೇಳಿ. ಯಾವ ಕಚೇರಿ, ಎಷ್ಟು ಸಲ ಓಡಾಟ, ಯಾರು ಯಾರು ಅವರ ಹೆಸರು ನೋಡುತ್ತಾರೆ. ಕೇಳಿದ ಮೇಲೆ ಅವರು ಬೇಡ ಅಂದರೆ ಅಲ್ಲಿಗೇ ಬಿಡಿ. ಆರು ತಿಂಗಳು ಬಿಟ್ಟು ಅವರೇ ಬಂದು ಕೇಳುವುದುಂಟು.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. "ಈ ಕೆಲಸ ಬಿಟ್ಟರೆ ಮಾಡಿಸಿಕೊಡ್ತೀನಿ" ಅನ್ನುವುದು. ಆಧಾರ್ ಕಾರ್ಡಿಗೆ ಅಂಥ ಷರತ್ತಿಲ್ಲ. ನೀವು ಯಾಕೆ ಹಾಕುತ್ತೀರಿ? ಬೇರೆ ಕೆಲಸ ಬೇಕು ಅಂತ ಅವರೇ ಕೇಳಿದ ದಿನ ಆ ಮಾತು ಆಡೋಣ.

ಇನ್ನೊಂದು ವಿಷಯದಲ್ಲಿ ರಾಜಿ ಇಲ್ಲ. ಎದುರಿಗಿರುವವಳಿಗೆ 18 ತುಂಬಿಲ್ಲ ಅನ್ನಿಸಿದರೆ, ಅಥವಾ ಯಾರೋ ಬಲವಂತವಾಗಿ ಇಟ್ಟುಕೊಂಡಿದ್ದಾರೆ ಅನ್ನಿಸಿದರೆ, ಈ ಮಾರ್ಗದರ್ಶಿ ಅಲ್ಲಿಗೆ ನಿಲ್ಲುತ್ತದೆ. ಮಕ್ಕಳಿಗೆ 1098, ಬಲವಂತಕ್ಕೆ 112. ಮಗುವಿನ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯಲ್ಲಿ ಅಪರಾಧ.

ಹಂತ 2: ಗಾಯ ಇದ್ದರೆ ಕಾಗದ ಆಮೇಲೆ

ದಾಖಲೆಗೆ ಅಂತ ಬಂದ ಅಕ್ಕನ ಕತ್ತಿನ ಮೇಲೆ ಗುರುತು ಕಂಡಿತು, ಕೂರಲು ಕಷ್ಟ ಪಡುತ್ತಿದ್ದಾರೆ, ಅಥವಾ ನಿನ್ನೆ ರಾತ್ರಿ ನಾಲ್ಕು ಜನ ಅಂತ ಹೇಳಿ ಸುಮ್ಮನಾದರು. ಆಗ ಆಧಾರ್ ಮರೆತುಬಿಡಿ. ಈಗ ಗಂಟೆಗಳ ಲೆಕ್ಕ ಶುರುವಾಗಿದೆ.

ಎಚ್‌ಐವಿ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಂತರ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಜಿಲ್ಲಾಸ್ಪತ್ರೆಯ ತುರ್ತು ವಿಭಾಗದಲ್ಲೋ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲೋ ಕೇಳಿ. ಗರ್ಭ ತಡೆಯುವ ತುರ್ತು ಮಾತ್ರೆಯೂ ಹಾಗೆಯೇ, ತಡವಾದಷ್ಟೂ ಅದರ ಶಕ್ತಿ ಕಡಿಮೆ.

ಅತ್ಯಾಚಾರಕ್ಕೆ ಒಳಗಾದವರಿಗೆ ಯಾವುದೇ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಹೇಳುವುದು ಇದನ್ನೇ. "ಮೊದಲು ಎಫ್‌ಐಆರ್ ತನ್ನಿ" ಅನ್ನುವಂತಿಲ್ಲ. ದೂರು ಕೊಡಬೇಕೋ ಬೇಡವೋ ಅನ್ನುವುದು ಅಕ್ಕನ ತೀರ್ಮಾನ. ಕೊಡುವುದಾದರೆ ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ಬರೆದುಕೊಳ್ಳಬೇಕು. ಆ ಬಟ್ಟೆಯನ್ನು ಒಗೆಯಬೇಡಿ, ಪ್ಲಾಸ್ಟಿಕ್ ಬೇಡ, ಪೇಪರಿನಲ್ಲಿ ಸುತ್ತಿಡಿ. ಮಹಿಳಾ ಸಹಾಯವಾಣಿ 181 ಮೂಲಕ, ದೌರ್ಜನ್ಯಕ್ಕೆ ಒಳಗಾದವರಿಗೆ ಎಲ್ಲ ನೆರವೂ ಒಂದೇ ಕಡೆ ಕೊಡುವ ಸಖಿ ಕೇಂದ್ರವೂ ಸಿಗುತ್ತದೆ.

"ಇವಳ ಕೆಲಸವೇ ಅದಲ್ವಾ" ಅನ್ನುವ ಮಾತು ಎಲ್ಲಾದರೂ ಬಂದೀತು. ಜಗಳಕ್ಕೆ ನಿಲ್ಲಬೇಡಿ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಲೈಂಗಿಕ ವೃತ್ತಿನಿರತೆಗೂ ಉಳಿದ ಮಹಿಳೆಯರಿಗೆ ಸಿಗುವ ಎಲ್ಲ ಸೌಲಭ್ಯ, ತಕ್ಷಣದ ಚಿಕಿತ್ಸೆಯೂ ಸೇರಿ, ಸಿಗಬೇಕು ಅಂತ ಇದೆ. ಆ ಆದೇಶದ ಒಂದು ಪ್ರತಿ ನಿಮ್ಮ ಚೀಲದಲ್ಲಿರಲಿ. ಮೆತ್ತಗೆ ತೆಗೆದು ಮೇಜಿನ ಮೇಲಿಡಿ.

ಹಂತ 3: ಹಳೆಯ ಆಧಾರ್ ಇದೆಯಾ ಅಂತ ಹುಡುಕಿ

ಹೆಚ್ಚು ಜನ ಎಡವುವುದು ಇಲ್ಲಿ. "ನನ್ನ ಹತ್ರ ಏನೂ ಇಲ್ಲ" ಅಂತ ಅಕ್ಕ ಹೇಳುತ್ತಾರೆ, ನಾವು ನೇರ ಹೊಸ ನೋಂದಣಿಗೆ ಕರೆದುಕೊಂಡು ಹೋಗುತ್ತೇವೆ. ಒಂದೂವರೆ ತಿಂಗಳಾದ ಮೇಲೆ ತಿರಸ್ಕೃತ ಅಂತ ಬರುತ್ತದೆ. ಯಾಕೆ? ಹತ್ತು ಹನ್ನೆರಡು ವರ್ಷದ ಹಿಂದೆ ಊರಿನ ಶಾಲೆಯಲ್ಲಿ ಕ್ಯಾಂಪ್ ಹಾಕಿದಾಗ ಅವರು ಬೆರಳು ಒತ್ತಿ ಬಂದಿದ್ದರು. ಕಾರ್ಡು ಕೈಗೆ ಬಂದಿರಲಿಲ್ಲ, ಅಥವಾ ಗಂಡನ ಮನೆಯಲ್ಲೇ ಉಳಿದಿತ್ತು. ಒಬ್ಬರಿಗೆ ಎರಡು ಆಧಾರ್ ಆಗುವುದಿಲ್ಲ, ಬೆರಳಚ್ಚು ಹಿಡಿದುಬಿಡುತ್ತದೆ.

ಅದಕ್ಕೇ ಪ್ರಶ್ನೆ ಬದಲಾಯಿಸಿ. "ಆಧಾರ್ ಇದೆಯಾ" ಅಂತ ಕೇಳಬೇಡಿ. "ಯಾವತ್ತಾದರೂ ಎಲ್ಲಾದರೂ ಹತ್ತೂ ಬೆರಳು ಒತ್ತಿಸಿಕೊಂಡು, ಕಣ್ಣಿನ ಫೋಟೊ ತೆಗೆದಿದ್ದರಾ?" ಅಂತ ಕೇಳಿ. ಮೆಜೆಸ್ಟಿಕ್ ಕಡೆ ಕೆಲಸ ಮಾಡುವ ಒಬ್ಬ ಅಕ್ಕ ಈ ಪ್ರಶ್ನೆ ಕೇಳಿದ ಕೂಡಲೇ ಬ್ಲೌಸಿನೊಳಗಿಂದ ಒಂದು ಪುಟ್ಟ ಪರ್ಸ್ ತೆಗೆದರು. ಅದರೊಳಗೆ ಕ್ಯಾರಿ ಬ್ಯಾಗಿನ ತುಂಡು, ಅದರೊಳಗೆ ಎಂಟು ಮಡಿಕೆ ಮಾಡಿದ ಚೀಟಿ. ಬೆವರಿಗೆ ಶಾಯಿ ಅರ್ಧ ಹೋಗಿತ್ತು. ನೋಂದಣಿ ಸ್ವೀಕೃತಿಯ 14 ಅಂಕಿಗಳಲ್ಲಿ ಹನ್ನೊಂದು ಕಾಣುತ್ತಿದ್ದವು. ಅದೇನು ಅಂತ ಅವರಿಗೆ ಗೊತ್ತಿರಲಿಲ್ಲ. ಆದರೆ ಇಷ್ಟು ವರ್ಷ ಎಸೆದಿರಲಿಲ್ಲ.

ಅಂಥದ್ದು ಏನಾದರೂ ಸಿಕ್ಕರೆ ಆಧಾರ್ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ಹಳೆಯದನ್ನು ಹುಡುಕಿಸಿ. 1947ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಹಳೆಯದು ಸಿಕ್ಕರೆ ಕೆಲಸ ಅರ್ಧ ಮುಗಿದಂತೆ. ಮೊಬೈಲ್ ನಂಬರ್ ಬದಲಾಯಿಸಿಕೊಂಡರೆ ಸಾಕು. ನಾಲ್ಕನೇ ಹಂತವೇ ಬೇಕಾಗುವುದಿಲ್ಲ.

ಹಂತ 4: ವಿಳಾಸದ ದಾಖಲೆ ಇಲ್ಲದಿದ್ದರೆ ಪ್ರಮಾಣಪತ್ರ

ನಿಜವಾಗಲೂ ಏನೂ ಇಲ್ಲದವರಿಗೆ ಒಂದು ದಾರಿ ಇದೆ. ಇದು ಗೊತ್ತಿಲ್ಲದೇ ಎಷ್ಟೋ ಜನ ಬಾಡಿಗೆ ಕರಾರಿಗೆ ಅಲೆದಿದ್ದಾರೆ.

ಅದೇ 2022ರ ಆದೇಶದ ಪ್ರಕಾರ, ಲೈಂಗಿಕ ವೃತ್ತಿನಿರತರಿಗೆ ವಿಳಾಸದ ದಾಖಲೆ ಕೇಳದೆ ಆಧಾರ್ ಕೊಡಬಹುದು. ಅದರ ಬದಲು ಆಧಾರ್ ಪ್ರಾಧಿಕಾರವೇ ನಿಗದಿಪಡಿಸಿದ ನಮೂನೆಯಲ್ಲಿ ಒಂದು ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕಬೇಕಾದವರು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಗೆಜೆಟೆಡ್ ಅಧಿಕಾರಿ, ಅಥವಾ ರಾಜ್ಯ ಏಡ್ಸ್ ಸೊಸೈಟಿಯ ಯೋಜನಾ ನಿರ್ದೇಶಕರು. ನಮ್ಮಲ್ಲಿ ಅದು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ, ಎಲ್ಲರೂ ಕರೆಯುವುದು ಕೆಎಸ್‌ಎಪಿಎಸ್ ಅಂತ.

ನೇರ ಬೆಂಗಳೂರಿನ ಕಚೇರಿಗೆ ಅಕ್ಕನನ್ನು ಕರೆದುಕೊಂಡು ಹೋಗಬೇಡಿ. ಕೆಳಗಿನಿಂದ ಹೋಗಬೇಕು. ಊರಿನಲ್ಲಿ ಎಚ್‌ಐವಿ ತಡೆ ಯೋಜನೆ ನಡೆಸುವ ಸಂಸ್ಥೆ, ಫೀಲ್ಡಿನವರ ಮಾತಲ್ಲಿ ಟಿಐ, ಇರುತ್ತದೆ. ಸಮುದಾಯದವರೇ ಕಟ್ಟಿಕೊಂಡ ಸಂಘಟನೆಗಳೂ ಇವೆ. ಮೈಸೂರಿನಲ್ಲಿ ಆಶೋದಯ ಸಮಿತಿ, ಬೆಂಗಳೂರಿನಲ್ಲಿ ಸ್ವಾತಿ ಮಹಿಳಾ ಸಂಘ, ಸಾಧನಾ ಮಹಿಳಾ ಸಂಘ ಇಂಥವು. ಇವರ ಜೊತೆ ಮಾತಾಡಿ. ಯಾರೂ ಗೊತ್ತಿಲ್ಲದಿದ್ದರೆ 1097ಕ್ಕೆ ಉಚಿತ ಕರೆ ಮಾಡಿ ಹತ್ತಿರದ ಸಂಸ್ಥೆ ಕೇಳಿ, ಅಥವಾ ಜಿಲ್ಲೆಯ ಏಡ್ಸ್ ನಿಯಂತ್ರಣ ಘಟಕಕ್ಕೆ ಹೋಗಿ. ಅಲ್ಲಿಂದ ಹೆಸರು ಮೇಲಕ್ಕೆ ಹೋಗಿ, ಪ್ರಮಾಣಪತ್ರ ಕೆಳಕ್ಕೆ ಬರುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಹೆಸರಿನ ಒತ್ತಕ್ಷರ, ಹುಟ್ಟಿದ ವರ್ಷ, ಪಿನ್ ಕೋಡ್, ಫೋಟೊ ಮೇಲೆ ಸೀಲು. ಒಂದು ತಪ್ಪಿಗೆ ಮತ್ತೆ ಅಷ್ಟೂ ದಾರಿ ನಡೆಯಬೇಕಾಗುತ್ತದೆ. ಅಕ್ಕನಿಗೆ ಓದಲು ಬಾರದಿದ್ದರೆ ನೀವು ಮೆಲ್ಲಗೆ ಓದಿ ಹೇಳಿ, ಸರಿ ಇದೆಯಾ ಅಂತ ಅವರಿಂದಲೇ ಕೇಳಿ.

ಅವರ ದೊಡ್ಡ ಪ್ರಶ್ನೆ ಇದೇ ಆಗಿರುತ್ತದೆ: "ಕಾರ್ಡ್ ಮೇಲೆ ನನ್ನ ಕೆಲಸ ಬರುತ್ತಾ?" ಬರುವುದಿಲ್ಲ. ಗುರುತು ಸಿಗುವಂಥ ಯಾವ ಕೋಡ್ ಕೂಡ ನೋಂದಣಿ ಸಂಖ್ಯೆಯಲ್ಲಿ ಇರಬಾರದು ಅಂತ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇದನ್ನು ಅವರು ಕೇಳುವ ಮೊದಲೇ ನೀವು ಹೇಳಿ.

ಟ್ರಾನ್ಸ್‌ಜೆಂಡರ್ ಅಕ್ಕಂದಿರಿಗೆ ಕ್ರಮ ಸ್ವಲ್ಪ ಬೇರೆ. ಹಳೆಯ ಹೆಸರು, ಹಳೆಯ ಲಿಂಗದಲ್ಲೇ ಆಧಾರ್ ಮಾಡಿಸಿ ಆಮೇಲೆ ತಿದ್ದಿಸುವುದು ದೊಡ್ಡ ಗೋಳು. ಮೊದಲು ಜಿಲ್ಲಾಧಿಕಾರಿ ಕೊಡುವ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಅದು ಬಂದ ಮೇಲೆ ಆಧಾರ್.

ಹಂತ 5: ಆಧಾರ್ ಕೇಂದ್ರದ ದಿನ

18 ವರ್ಷ ದಾಟಿದವರ ಹೊಸ ನೋಂದಣಿಯನ್ನು ಎಲ್ಲ ಕೇಂದ್ರಗಳೂ ಮಾಡುವುದಿಲ್ಲ. ಮೊದಲೇ ಫೋನ್ ಮಾಡಿ ವಿಚಾರಿಸಿ. ಸುಮ್ನೆ ಹೋದರೆ ಒಂದು ದಿನ ಹಾಳು.

ಹಿಂದಿನ ದಿನ ನೀವು ಒಬ್ಬರೇ ಹೋಗಿ ಆಪರೇಟರ್ ಜೊತೆ ಮಾತಾಡಿ ಬನ್ನಿ. ಪ್ರಮಾಣಪತ್ರದ ನಮೂನೆ ತೋರಿಸಿ. ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ಆದೇಶ ತೋರಿಸಿ. ಮೇಲಿನವರನ್ನು ಕೇಳಬೇಕು ಅಂದರೆ ಕೇಳಲು ಸಮಯ ಕೊಡಿ. ಈ ಒಂದು ಕೆಲಸ ಮಾಡದೆ ಹೋದವರ ಪಾಡು ನೋಡಿದ್ದೇನೆ. ಸಾಲಿನಲ್ಲಿ ಮೂವತ್ತು ಜನ. ಆಪರೇಟರ್ ಹಾಳೆ ಎತ್ತಿಹಿಡಿದು "ಏನಿದು, ಏಡ್ಸ್ ಆಫೀಸಿಂದ ತಂದಿದ್ದೀರಲ್ಲ?" ಅಂತ ಕೂಗಿ ಕೇಳಿದರು. ಅಕ್ಕ ಸೆರಗು ತಲೆ ಮೇಲೆ ಎಳೆದುಕೊಂಡು ಬಾಗಿಲ ಕಡೆ ನಡೆದರು. ಅವರನ್ನು ಮತ್ತೆ ಕರೆತರಲು ಎಂಟು ತಿಂಗಳು ಬೇಕಾಯಿತು. ಆ ದಿನ ಜೊತೆಗೆ ಹೋಗಿದ್ದವಳು ನಾನೇ.

ಮಾರನೇ ದಿನ ಇಬ್ಬರೇ ಹೋಗಿ. ಐದಾರು ಜನರನ್ನು ಒಟ್ಟಿಗೆ ಸಾಲಾಗಿ ಕರೆದುಕೊಂಡು ಹೋಗಬೇಡಿ, ಊರಿಗೆಲ್ಲ ಗೊತ್ತಾಗುತ್ತದೆ. ಸಂಸ್ಥೆಯ ಹೆಸರಿರುವ ಬ್ಯಾಗು, ಕೋಟು, ಐಡಿ ಕಾರ್ಡಿನ ದಾರ ಬೇಡ. ಪ್ರಮಾಣಪತ್ರವನ್ನು ಮಡಚಿ ಕವರಿನಲ್ಲಿಟ್ಟು ಕೊಡಿ.

ಹೆಸರು ಟೈಪ್ ಮಾಡುವಾಗ ಪರದೆ ನಿಮ್ಮ ಕಡೆ ತಿರುಗಿಸಲು ಹೇಳಿ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು, ಎರಡೂ ನೋಡಿ. "ಗಂಡನ ಹೆಸರು?" ಅಂದರೆ, ಹಾಕಲು ಇಷ್ಟವಿಲ್ಲದಿದ್ದರೆ ಬೇಡ ಅನ್ನಿ. ವಯಸ್ಕರಿಗೆ ಅದು ಕಡ್ಡಾಯ ಅಲ್ಲ.

ಬೆರಳಚ್ಚು ಬಾರದಿದ್ದರೆ ಗಾಬರಿ ಬೇಡ. ಹಗಲು ಪಾತ್ರೆ ತೊಳೆಯುವ, ಗಾರೆ ಕೆಲಸಕ್ಕೂ ಹೋಗುವ ಅಕ್ಕಂದಿರ ಬೆರಳ ಗೆರೆ ಸವೆದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಒತ್ತಿಸಿ. ಕಣ್ಣಿನ ಪಾಪೆಯ ಚಿತ್ರ ಇದ್ದೇ ಇರುತ್ತದೆ.

ಮೊಬೈಲ್ ನಂಬರ್ ಅವರದೇ ಆಗಿರಲಿ. ಲಾಡ್ಜ್‌ನವರದು, ಜೊತೆಗಿರುವ ಗಂಡಸಿನದು, ನಿಮ್ಮದು ಯಾವುದೂ ಬೇಡ. ಓಟಿಪಿ ಯಾರ ಕೈಲಿದೆಯೋ ಮುಂದೆ ದುಡ್ಡೂ ಅವರ ಕೈಲೇ ಇರುತ್ತದೆ. ಆಧಾರ್ ಇಲ್ಲದೆ ಸಿಮ್ ಸಿಗುವುದು ಕಷ್ಟ, ಸಿಮ್ ಇಲ್ಲದೆ ಓಟಿಪಿ ಇಲ್ಲ. ಹಾಗಿದ್ದರೆ ಈಗ ನಂಬರ್ ಇಲ್ಲದೆಯೇ ನೋಂದಣಿ ಮಾಡಿಸಿ. ಆಧಾರ್ ಬಂದ ಮೇಲೆ ಸಿಮ್ ತೆಗೆದುಕೊಂಡು, ಮತ್ತೊಮ್ಮೆ ಬಂದು ಸೇರಿಸಿ. ಒಂದು ಓಡಾಟ ಜಾಸ್ತಿ, ಆದರೆ ಹಿಡಿತ ಅವರದು.

ಹೊಸ ನೋಂದಣಿ ಉಚಿತ. ಸ್ವೀಕೃತಿ ಚೀಟಿಯನ್ನು ಅವರಿಗೇ ಕೊಡಿ. ವಯಸ್ಕರ ಹೊಸ ಅರ್ಜಿ ರಾಜ್ಯ ಸರ್ಕಾರದ ಪರಿಶೀಲನೆಗೂ ಹೋಗುತ್ತದೆ, ತಿಂಗಳುಗಟ್ಟಲೆ ಹಿಡಿಯಬಹುದು. ಇದನ್ನು ಮೊದಲೇ ಹೇಳದಿದ್ದರೆ ಹದಿನೈದು ದಿನಕ್ಕೆ ಅವರು ನಂಬಿಕೆ ಕಳೆದುಕೊಳ್ಳುತ್ತಾರೆ. ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದುಕೊಂಡು ಎರಡು ವಾರಕ್ಕೊಮ್ಮೆ ನೀವೇ ನೋಡಿ ಹೇಳಿ.

ಕಾರ್ಡು ಬಂದ ದಿನ ಇನ್ನೊಂದು ಮಾತು ಕಲಿಸಿ. ಲಾಡ್ಜ್‌ಗಳಲ್ಲಿ ಆಧಾರ್ ಪ್ರತಿ ಕೇಳುತ್ತಾರೆ. ಆ ಪ್ರತಿ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅಂತ ಇದೆ. ಅದನ್ನು ಡೌನ್‌ಲೋಡ್ ಮಾಡಿ ಎರಡು ಪ್ರಿಂಟ್ ತೆಗೆದುಕೊಡಿ. ಹೊರಗೆ ಕೊಡುವುದು ಅದು ಮಾತ್ರ.

ಹಂತ 6: ಬ್ಯಾಂಕ್, ರೇಷನ್, ಗೃಹಲಕ್ಷ್ಮಿ, ಇದೇ ಕ್ರಮದಲ್ಲಿ

ಬ್ಯಾಂಕ್ ಮೊದಲು. ಆಧಾರ್ ಬರುವವರೆಗೂ ಕಾಯಬೇಕಿಲ್ಲ. ಜನಧನ್ ಯೋಜನೆಯಲ್ಲಿ ದಾಖಲೆ ಇಲ್ಲದವರಿಗೂ ಸಣ್ಣ ಖಾತೆ ತೆರೆಯಬಹುದು. ಬ್ಯಾಂಕ್ ಅಧಿಕಾರಿಯ ಎದುರು ಫೋಟೊ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಮಿತಿ ಇದೆ. ಖಾತೆಯಲ್ಲಿ ಒಮ್ಮೆಗೆ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ 1 ಲಕ್ಷದವರೆಗೆ ಜಮಾ, ತಿಂಗಳಿಗೆ 10,000ದವರೆಗೆ ತೆಗೆಯಬಹುದು. 12 ತಿಂಗಳು ನಡೆಯುತ್ತದೆ. ಅಷ್ಟರೊಳಗೆ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೂ 12 ತಿಂಗಳು. "ಅಂಥದ್ದು ಇಲ್ಲ" ಅಂದರೆ ಮ್ಯಾನೇಜರನ್ನು ಕಾಣಿ, ಸಣ್ಣ ಖಾತೆ ಅಂತಲೇ ಹೇಳಿ.

ಉಳಿತಾಯ ಅನ್ನುವುದು ಇಲ್ಲಿ ಬರೀ ದುಡ್ಡಿನ ವಿಷಯ ಅಲ್ಲ. ಕೈಯಲ್ಲಿ ನಗದು ಇದೆ ಅಂತ ಗೊತ್ತಾದರೆ ಕಿತ್ತುಕೊಳ್ಳುವವರು ಸುತ್ತಲೇ ಇರುತ್ತಾರೆ. ಹಾಗಾಗಿ ಎಟಿಎಂ ಪಿನ್ ಹಾಕುವುದನ್ನು ಅವರಿಗೇ ಕಲಿಸಿ. ಅರ್ಧ ಗಂಟೆ ಜಾಸ್ತಿ ಆಗಲಿ. ಪಿನ್ ನಿಮಗೆ ಗೊತ್ತಿರಕೂಡದು.

ಆಧಾರ್ ಬಂದ ಮೇಲೆ ಅದನ್ನು ಖಾತೆಗೆ ಜೋಡಿಸಿ. ಹಳೆಯ ಆಧಾರ್ ಸಿಕ್ಕಿದ ಪ್ರಕರಣದಲ್ಲಿ, ಅದು ಯಾವುದೋ ಹಳೆಯ ಖಾತೆಗೆ ಜೋಡಣೆ ಆಗಿರಬಹುದು. ಸರ್ಕಾರದ ದುಡ್ಡು ಅಲ್ಲಿಗೆ ಹೋಗುತ್ತಿರುತ್ತದೆ, ಪಾಸ್‌ಬುಕ್ ಗಂಡನ ಹತ್ತಿರ ಇರುತ್ತದೆ. ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು. ನೋಡಿ ಬದಲಾಯಿಸಿ.

ನಂತರ ರೇಷನ್ ಕಾರ್ಡ್. 2021ರ ಡಿಸೆಂಬರ್ 14ರಂದೇ ಸುಪ್ರೀಂ ಕೋರ್ಟ್ ಲೈಂಗಿಕ ವೃತ್ತಿನಿರತರಿಗೆ ರೇಷನ್ ಕಾರ್ಡ್, ಮತದಾರರ ಚೀಟಿ ಕೊಡಲು ರಾಜ್ಯಗಳಿಗೆ ಹೇಳಿದೆ, ಹೆಸರು ಗುಟ್ಟಾಗಿರಬೇಕು ಅಂತಲೂ ಹೇಳಿದೆ. ಆದರೆ ಕೌಂಟರಿನಲ್ಲಿ ನಡೆಯುವುದು ಆಹಾರ ಇಲಾಖೆಯ ತಂತ್ರಾಂಶದ ಮಾತು. ಹೊಸ ಅರ್ಜಿ ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲ. ಕರ್ನಾಟಕ ಒನ್, ಗ್ರಾಮ ಒನ್‌ನಲ್ಲಿ ವಿಚಾರಿಸುತ್ತಿರಿ. ಅಷ್ಟರಲ್ಲಿ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಇಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ಅಕ್ಕನ ಹೆಸರು ಊರಲ್ಲಿ ಅಪ್ಪನ ಕಾರ್ಡಿನಲ್ಲೋ ಗಂಡನ ಕಾರ್ಡಿನಲ್ಲೋ ಇರಬಹುದು. ಹೊಸ ಕಾರ್ಡಿಗೆ ಅಲ್ಲಿಂದ ತೆಗೆಸಬೇಕು. ತೆಗೆಸಿದ ತಿಂಗಳೇ ಅಲ್ಲಿ ಅಕ್ಕಿ ಕಡಿಮೆಯಾಗುತ್ತದೆ, "ಇವಳು ಎಲ್ಲಿದ್ದಾಳೆ, ಯಾಕೆ ತೆಗೆಸಿದಳು" ಅಂತ ಹುಡುಕಾಟ ಶುರುವಾಗುತ್ತದೆ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವರಿಗೆ ಇದು ಜೀವದ ಪ್ರಶ್ನೆ. ಅರ್ಜಿ ಹಾಕುವ ಮುಂಚೆ ಇದನ್ನು ಬಿಡಿಸಿ ಹೇಳಿ, ತೀರ್ಮಾನ ಅವರಿಗೆ ಬಿಡಿ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಸಿಗುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಹೆಸರಿರುವವರಿಗೆ. ಆದ್ದರಿಂದ ಅರ್ಜಿಯಲ್ಲೇ ಮುಖ್ಯಸ್ಥೆ ಅಂತ ಅವರ ಹೆಸರಿರಲಿ. ಶಕ್ತಿ ಯೋಜನೆಯ ಉಚಿತ ಬಸ್‌ಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಸಾಕು. ತಿಂಗಳು ತಿಂಗಳು ಮಾತ್ರೆಗೆ ಹೋಗುವವರಿಗೆ ಇದೇ ದೊಡ್ಡ ಅನುಕೂಲ.

ಮತದಾರರ ಚೀಟಿಗೆ ನಮೂನೆ 6. ಮನೆಯೇ ಇಲ್ಲದೆ ಮಲಗುವವರ ವಿಷಯದಲ್ಲಿ, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ರಾತ್ರಿ ಹೊತ್ತು ಆ ಜಾಗಕ್ಕೆ ಬಂದು ನೋಡಿ ಖಚಿತ ಮಾಡಿಕೊಂಡರೆ ವಿಳಾಸದ ದಾಖಲೆ ಬೇಕಿಲ್ಲ. ಯಾವ ರಾತ್ರಿ ಬರುತ್ತಾರೆ ಅಂತ ಮಾತಾಡಿ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಅಕ್ಕ ಕೆಲಸಕ್ಕೆ ಹೋಗಿರುತ್ತಾರೆ.

ಮಹಿಳಾ ಅಭಿವೃದ್ಧಿ ನಿಗಮದ ಚೇತನ ಯೋಜನೆಯೂ ಇದೆ. ಸ್ವಂತ ಕೆಲಸ ಶುರು ಮಾಡಲು ಸಹಾಯಧನ ಕೊಡುತ್ತಾರೆ. ಅಲ್ಲಿ 'ದಮನಿತ ಮಹಿಳೆ' ಅಂತ ಬರೆಯಬೇಕಾಗುತ್ತದೆ, ಲೈಂಗಿಕ ವೃತ್ತಿನಿರತರಿಗೆ ಸರ್ಕಾರಿ ಕಾಗದದಲ್ಲಿರುವ ಹೆಸರು ಅದು. ಈ ಪದ ಎಷ್ಟೋ ಅಕ್ಕಂದಿರಿಗೆ ಹಿಡಿಸುವುದಿಲ್ಲ. ಹೇಳಿ, ಬೇಕಾದರೆ ಹಾಕಲಿ.

ಮಕ್ಕಳ ದಾಖಲೆ

ತಂದೆಯ ಹೆಸರು ಅನ್ನುವ ಕಾಲಂ ಎದುರು ಎಷ್ಟೋ ತಾಯಂದಿರು ಶಾಲೆಯಿಂದ ವಾಪಸ್ ಬಂದಿದ್ದಾರೆ. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಒಂಟಿ ತಾಯಿ ತನ್ನ ಮಗುವಿನ ಜನನ ಪ್ರಮಾಣಪತ್ರ ಕೇಳಿದರೆ ಅವಳಿಂದ ಒಂದು ಅಫಿಡವಿಟ್ ಪಡೆದು ಕೊಡಬೇಕು. ಆದ್ದರಿಂದ ಮೊದಲು ನೋಟರಿಯ ಹತ್ತಿರ ಅಫಿಡವಿಟ್, ಆಮೇಲೆ ಜನನ ಪ್ರಮಾಣಪತ್ರ, ಅದರ ಮೇಲೆ ಮಗುವಿನ ಆಧಾರ್, ಕೊನೆಗೆ ಶಾಲೆ. ಯಾರದೋ ಹೆಸರನ್ನು ಸುಮ್ನೆ ಬರೆಸಿಬಿಡಬೇಡಿ. ಮುಂದೆ ಆ ಮನುಷ್ಯ ಮಗು ನನ್ನದು ಅಂತ ಬಂದು ನಿಂತ ಉದಾಹರಣೆ ಇದೆ.

ಹಂತ 7: ಆಸ್ಪತ್ರೆ ಫೈಲು ಬೇರೆ

ಎರಡು ಬಣ್ಣದ ಫೈಲ್ ಯಾಕೆ ಅಂದೆನಲ್ಲ. ರೇಷನ್ ಅಂಗಡಿಯಲ್ಲಿ ಆಧಾರ್ ತೆಗೆಯಲು ಹೋಗಿ ಎಆರ್‌ಟಿ ಪುಸ್ತಕ ಕೆಳಗೆ ಬಿದ್ದರೆ ಸಾಕು, ಬಾಡಿಗೆ ಮನೆ ಹೋಗುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ಈ ನಿಯಮ ನಿಮಗೂ ಅನ್ವಯಿಸುತ್ತದೆ. ಆಧಾರ್ ಮಾಡಿಸಿಕೊಟ್ಟೆ ಅಂತ ರಿಪೋರ್ಟ್ ಕೇಳುವ ಹಕ್ಕು ನಿಮಗಿಲ್ಲ.

ಟಿಐ ಯೋಜನೆಯಲ್ಲಿ ಸೇರಿದವರಿಗೆ ಮೂರು ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಉಚಿತ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಸುರಕ್ಷಾ ಕ್ಲಿನಿಕ್ ಇದೆ. ಆದರೆ ಬರೀ ಸೊಂಟದ ಕೆಳಗಿನ ಆರೋಗ್ಯ ಕೇಳಿ ಬಿಟ್ಟುಬಿಡಬೇಡಿ. ಬಿಪಿ, ಶುಗರ್, ಹಲ್ಲು, ಬೆನ್ನು ನೋವು, ನಿದ್ದೆ ಇವನ್ನೂ ಕೇಳಿ. "ನಿದ್ದೆ ಬರ್ತಿದೆಯಾ ಅಕ್ಕಾ?" ಅಂತ ಯಾರೂ ಕೇಳಿರುವುದಿಲ್ಲ. ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಟೆಲಿ ಮನಸ್ 14416 ಹಗಲೂ ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ನಂಬರ್ ಕೊಟ್ಟು ಕೈತೊಳೆದುಕೊಳ್ಳದೆ, ಪಕ್ಕದಲ್ಲಿ ಕೂತು ಕರೆ ಮಾಡಿಸಿ.

ಪೊಲೀಸರು ತಡೆದರೆ

ವಯಸ್ಕ ಮಹಿಳೆ ಸ್ವಂತ ಇಚ್ಛೆಯಿಂದ ಈ ಕೆಲಸ ಮಾಡುವುದೇ ಅಪರಾಧ ಅಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಶಿಕ್ಷೆ ಇರುವುದು ವೇಶ್ಯಾಗೃಹ ನಡೆಸುವುದಕ್ಕೆ, ದಲ್ಲಾಳಿತನಕ್ಕೆ, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದಕ್ಕೆ, ಇಂಥವಕ್ಕೆ. ಆ ಕೊನೆಯದರ ಅಡಿಯಲ್ಲಿ ಈಗಲೂ ಕೇಸ್ ಹಾಕಬಹುದು ಅನ್ನುವುದನ್ನು ಮುಚ್ಚಿಡಬೇಡಿ. ವೇಶ್ಯಾಗೃಹದ ಮೇಲಿನ ದಾಳಿಯಲ್ಲಿ ಸಿಕ್ಕ ವಯಸ್ಕ ಮಹಿಳೆಯನ್ನು ಬಂಧಿಸಬಾರದು, ದಂಡ ಹಾಕಬಾರದು, ಕಾಂಡೋಮ್ ಅನ್ನು ಸಾಕ್ಷಿ ಅಂತ ಹಿಡಿಯಬಾರದು, ಫೋಟೊ ಹೊರಗೆ ಬರಬಾರದು ಅಂತ 2022ರ ಆದೇಶ ಹೇಳಿದೆ. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಪ್ರತಿ ಪ್ರಶ್ನೆಗೂ ಜೊತೆಗೆ ಬಂದ ಗಂಡಸೋ ಇನ್ನೊಬ್ಬ ಹೆಂಗಸೋ ಉತ್ತರ ಕೊಡುತ್ತಿದ್ದಾರೆ. ಆಗ ನೆಪ ಹೇಳಿ ಅಕ್ಕನೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿ.

ಯಾರೋ ಏಜೆಂಟ್ ಎರಡು ಸಾವಿರ ಕೊಟ್ಟರೆ ನಾಳೆಯೇ ಕಾರ್ಡ್ ಅನ್ನುತ್ತಿದ್ದಾನೆ. ಸುಳ್ಳು ದಾಖಲೆಯ ಕೇಸ್ ಅಕ್ಕನ ಮೇಲೂ ಬೀಳಬಹುದು.

ನಿಮ್ಮ ಸಂಸ್ಥೆಯೇ ಕಾರ್ಡ್ ಹಿಡಿದು ನಿಂತ ಫೋಟೊ ಕೇಳುತ್ತಿದೆ. ಬೇಡ ಅನ್ನಿ. ಮುಖ ಮಸುಕು ಮಾಡಿದರೂ ಸೀರೆ, ಬಳೆ, ನಿಂತ ಜಾಗ ಗುರುತು ಹೇಳುತ್ತವೆ.

ಮೂಲ ದಾಖಲೆಗಳು ಮನೆ ಮಾಲೀಕರ ಹತ್ತಿರ ಅಥವಾ ಬಡ್ಡಿಗೆ ಕೊಟ್ಟವರ ಹತ್ತಿರ ಅಡ ಇವೆ. ಇದು ತುಂಬ ನಡೆಯುತ್ತದೆ. ಆಧಾರ್ ಆದರೆ ಜಗಳವಾಡಿ ತರುವ ಬದಲು ಆಧಾರ್ ಪ್ರಾಧಿಕಾರದಿಂದ ಮತ್ತೊಂದು ಪ್ರಿಂಟ್ ತೆಗೆಸಿ. ಸಂಖ್ಯೆ ಅದೇ, ಮಾನ್ಯತೆಯೂ ಅಷ್ಟೇ.

ಕೊನೆಯ ಕೆಲಸ

ಎಲ್ಲ ಮುಗಿದ ಮೇಲೆ ನಿಮ್ಮ ಫೋನ್ ತೆಗೆದು ಅಕ್ಕನ ಎದುರಿಗೇ ಕೂತುಕೊಳ್ಳಿ. ಓಡಾಟದಲ್ಲಿ ತೆಗೆದ ಆಧಾರ್ ಫೋಟೊ, ಪ್ರಮಾಣಪತ್ರದ ಸ್ಕ್ಯಾನ್, ವಾಟ್ಸಾಪಿನಲ್ಲಿ ಸೈಬರ್ ಸೆಂಟರಿಗೆ ಕಳಿಸಿದ ಪಿಡಿಎಫ್, ಒಂದೊಂದಾಗಿ ಅಳಿಸಿ. ಕಸದ ಬುಟ್ಟಿ ಫೋಲ್ಡರನ್ನೂ ಖಾಲಿ ಮಾಡಿ. ಅವರೇ ಬೆರಳಿಟ್ಟು ಅಳಿಸಲಿ. ಮೂಲ ಕಾರ್ಡ್ ಎಲ್ಲಿಡುತ್ತಾರೆ ಅಂತ ಕೇಳಬೇಡಿ. ನಿಮ್ಮ ನೋಟ್‌ಬುಕ್ಕಿನ ಆ ಪುಟವನ್ನೂ ಹರಿದು ಅವರ ಕೈಗೆ ಕೊಡಿ.